ಕಂಪನಿ ಲಾಯರ್ ವನಜಾಕ್ಷಿ

ಮಧುಗಿರಿ ಕೋರ್ಟಿನ ಆವರಣದಲ್ಲಿ ವನಜಾಕ್ಷಿಗೆ ಎರಡು ಹೆಸರು. ಎದುರಿಗೆ ಸಿಕ್ಕರೆ ‘ಮೇಡಂ’, ದಾಟಿ ಹೋದ ಮೇಲೆ ‘ಕಂಪನಿ’. ಕ್ಯಾಂಟೀನಿನ ಬೆಂಚಿನ ಮೇಲೆ ಕುಳಿತವರು “ಕಂಪನಿ ಬಂತು ನೋಡ್ರಪ್ಪ” ಎಂದು ಒಬ್ಬರಿಗೊಬ್ಬರು ಮೊಣಕೈ ತಿವಿದುಕೊಳ್ಳುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅದಕ್ಕೆ ಅವಳು ನೊಂದುಕೊಂಡವಳೂ ಅಲ್ಲ. ವಾಯಿದೆ ಕೇಳುವುದನ್ನೇ ವಕೀಲಿಕೆ ಎಂದು ತಿಳಿದ, ಕಕ್ಷಿದಾರ ಕೊಡಿಸಿದ ಬೋಂಡಾ ತಿಂದು ಅವನಿಗೇ ಕಾನೂನಿನ ಕಷ್ಟಗಳನ್ನು ವಿವರಿಸುವ ಆ ಬೆಂಚಿನ ಅಭಿಪ್ರಾಯಕ್ಕೆ ಬೋಂಡಾಕ್ಕಿಂತ ಹೆಚ್ಚಿನ ತೂಕವಿದೆ ಎಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ.

ಅವಳ ಊರು ಪುರವರ. ತಂದೆ ಕದಿರಯ್ಯ ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದವರು. ಹರೆಯದಲ್ಲೇ ಬೌದ್ಧ ದೀಕ್ಷೆ ತೆಗೆದುಕೊಂಡು, ಮನೆಯ ನಡುಮನೆಯಲ್ಲಿ ಬುದ್ಧನ ಪಟವನ್ನೂ ಬಾಬಾಸಾಹೇಬರ ಪಟವನ್ನೂ ಅಕ್ಕಪಕ್ಕ ಇಟ್ಟುಕೊಂಡು ಬಾಳಿದ ಮನುಷ್ಯ. ಮಗಳು ಕಾನೂನು ಓದುತ್ತೇನೆ ಎಂದಾಗ ಅವರಿಗಾದ ಸಂತೋಷ ಅಷ್ಟಿಷ್ಟಲ್ಲ. “ನಮ್ಮೋರಿಗೆ ಕೋರ್ಟು ಅಂದ್ರೆ ಕೈ ಕಟ್ಕಂಡು ನಿಂತ್ಕಳೋ ಜಾಗ ಆಗೈತೆ ಕಣಮ್ಮ. ನೀನು ಅಲ್ಲಿ ನಿಂತು ಮಾತಾಡ್ಬೇಕು” ಎಂದಿದ್ದರು. ವನಜಾಕ್ಷಿ ನಿಂತು ಮಾತಾಡಿದಳು. ಯಾರ ಪರ ಮಾತಾಡಿದಳು ಎಂಬುದೇ ಮುಂದೆ ಅಪ್ಪ ಮಗಳ ನಡುವೆ ತಕರಾರಾಯಿತು.

ತುಮಕೂರಿನಲ್ಲಿ ಕಾನೂನು ಮುಗಿಸಿ ಬಂದವಳು ಮಧುಗಿರಿಯ ಹಿರಿಯ ವಕೀಲ ಬಸವಲಿಂಗಯ್ಯನವರ ಆಫೀಸು ಸೇರಿದಳು. ಬಸವಲಿಂಗಯ್ಯ ತಮ್ಮ ಲೆಕ್ಕದಲ್ಲಿ ದೊಡ್ಡ ಉದಾರಿ. ಆಫೀಸಿನಲ್ಲಿ ಎಲ್ಲರೂ ಸ್ಟೀಲ್ ಲೋಟದಲ್ಲಿ ಕಾಫಿ ಕುಡಿದರೆ ಇವಳಿಗೆ ಮಾತ್ರ ಹೂವಿನ ಚಿತ್ರವಿದ್ದ ಗಾಜಿನ ಲೋಟ. ಅದನ್ನವರು ಹೆಣ್ಣುಮಗಳಿಗೆ ಕೊಡುವ ಮರ್ಯಾದೆ ಎನ್ನುತ್ತಿದ್ದರು. ಆ ಲೋಟವನ್ನು ಇವಳೇ ತೊಳೆದು ಬೇರೆ ಗೂಡಿನಲ್ಲಿ ಬೋರಲು ಹಾಕಬೇಕಾಗಿತ್ತು. ಅದಕ್ಕೆ ಅವರು ಯಾವ ಹೆಸರನ್ನೂ ಇಟ್ಟಿರಲಿಲ್ಲ.

ಕೇಸುಗಳ ಹಂಚಿಕೆಯೂ ಹಾಗೇ. ಜಮೀನು, ಪಾಲು, ದಾವೆ ಎಲ್ಲ ಅವರಿಗೆ, ಅವರ ಅಳಿಯನಿಗೆ. ಯಾರಿಗೂ ಬೇಡವಾದದ್ದು ಇವಳಿಗೆ. ಒಂದು ದಿನ ಬೆಂಗಳೂರಿನಿಂದ ಒಂದು ಕಟ್ಟು ಬಂತು. ಕೊರಟಗೆರೆಯ ಹೆಂಗಸೊಬ್ಬಳು ಕಣ್ಣಿನ ಹನಿ ಔಷಧ ತಯಾರಿಸುವ ಕಂಪನಿಯ ಮೇಲೆ ದೂರು ಹಾಕಿದ್ದಳು. ಹನಿ ಬಿಟ್ಟುಕೊಂಡ ಮೇಲೆ ಕಣ್ಣು ಮಂಜಾಯಿತು, ಪರಿಹಾರ ಬೇಕು. ಪುಟಪುಟವೂ ಇಂಗ್ಲಿಷು, ಅದರೊಳಗೆ ರಸಾಯನಶಾಸ್ತ್ರ. ಬಸವಲಿಂಗಯ್ಯ ಎರಡು ಹಾಳೆ ತಿರುವಿ ಅವಳತ್ತ ತಳ್ಳಿದರು. “ನಿನ್ನ ಇಂಗ್ಲಿಷು ಚೆನ್ನಾಗೈತಂತಲ್ಲಮ್ಮ. ನೋಡು, ಏನಾದ್ರೂ ಮಾಡು. ಸೋತ್ರೂ ನಮಗೇನಿಲ್ಲ.”

ವನಜಾಕ್ಷಿ ಸೋಲಲಿಲ್ಲ. ಕೊರಟಗೆರೆಗೆ ಬಸ್ಸು ಹತ್ತಿ ಹೋಗಿ, ಔಷಧಿ ಅಂಗಡಿಯವನನ್ನು ಮಾತಾಡಿಸಿ, ದೂರು ಹಾಕಿದವರ ಬೀದಿಯಲ್ಲಿ ಒಂದು ಸುತ್ತು ಬಂದಳು. ಕೊನೆಗೆ ಪಾಟೀ ಸವಾಲಿನಲ್ಲಿ ಆ ಹೆಂಗಸಿನ ಗಂಡನ ಬಾಯಿಂದಲೇ ವಿಷಯ ಹೊರಬಿತ್ತು. ಕಿಟಕಿಯ ಕಟ್ಟೆಯ ಮೇಲೆ ಎರಡು ಪುಟ್ಟ ಬಾಟಲಿಗಳಿದ್ದವು. ಒಂದು ಕಣ್ಣಿನದು, ಇನ್ನೊಂದು ಅವನ ಕಿವಿಸೋರಿಕೆಯದು. ಹೆಂಡತಿಯ ಕಣ್ಣಿಗೆ ಅವನು ಬಿಟ್ಟದ್ದು ಕಿವಿಯದ್ದು. “ಕತ್ಲೆ ಇತ್ತು ಸ್ವಾಮಿ” ಎಂದ. ಹೆಂಡತಿ ಅವನನ್ನು ನೋಡಿದ ನೋಟಕ್ಕೆ ಕಣ್ಣು ಮಂಜಾಗಿದೆ ಎಂದು ಅಲ್ಲಿದ್ದ ಯಾರೂ ಹೇಳುತ್ತಿರಲಿಲ್ಲ.

ಅಲ್ಲಿಂದ ಕಂಪನಿಗಳು ಅವಳನ್ನು ಹುಡುಕಿಕೊಂಡು ಬಂದವು. ಇಂಜೆಕ್ಷನ್ನು, ಸಿರಿಂಜು, ಮಂಡಿಗೆ ಕೂರಿಸುವ ಲೋಹದ ಕೀಲು, ಸಕ್ಕರೆ ನೋಡುವ ಮೆಷಿನ್ನು. ಬೆಂಗಳೂರಿನ ದೊಡ್ಡ ಆಫೀಸುಗಳಿಗೆ ಈ ಕಡೆಯ ನಾಲ್ಕು ತಾಲೂಕಿನ ಭಾಷೆ ಬಲ್ಲ, ಧೂಳಿಗೆ ಮೂಗು ಮುರಿಯದ, ಫೈಲು ಓದುವ ಒಬ್ಬ ವಕೀಲರು ಬೇಕಾಗಿತ್ತು. ಓದುವವರು ಸಿಗುವುದು ಅವರಿಗೂ ಅಪರೂಪವೇ ಆಗಿತ್ತು. ವನಜಾಕ್ಷಿ ಬಸವಲಿಂಗಯ್ಯನವರ ಗಾಜಿನ ಲೋಟವನ್ನು ಅದರ ಗೂಡಿನಲ್ಲೇ ಬಿಟ್ಟು, ಪೇಟೆ ಬೀದಿಯಲ್ಲಿ ಸ್ವಂತ ಬೋರ್ಡು ಹಾಕಿದಳು.

ಗೆದ್ದ ಕೇಸುಗಳೆಲ್ಲ ಕಿವಿಹನಿಯಷ್ಟು ನಗೆಪಾಟಲಿನವಾಗಿರಲಿಲ್ಲ. ಮಿಡಿಗೇಶಿಯ ಒಬ್ಬ ಮುದುಕನ ಮನೆಯಲ್ಲಿದ್ದ ಸಕ್ಕರೆಯ ಮೆಷಿನ್ನು ವಾರಗಟ್ಟಲೆ ತಪ್ಪು ತೋರಿಸಿತ್ತು. ಅವನು ಅದನ್ನು ನಂಬಿ ಮಾತ್ರೆ ನಿಲ್ಲಿಸಿ, ಕಾಲು ಕಳೆದುಕೊಂಡ. ಮೆಷಿನ್ನು ಕೆಟ್ಟದ್ದೆಂದು ಕಂಪನಿಗೂ ಗೊತ್ತಿತ್ತು, ಓದಿದ ಮೇಲೆ ವನಜಾಕ್ಷಿಗೂ ಗೊತ್ತಾಯಿತು. ಆದರೆ ದೂರು ಹಾಕುವ ಅವಧಿ ದಾಟಿ ಹೋಗಿತ್ತು. ಅವಳು ಅದೊಂದನ್ನೇ ಹಿಡಿದಳು. ಮೆಷಿನ್ನಿನ ಮಾತೇ ಬಾರದಂತೆ ಕೇಸು ವಜಾ ಆಯಿತು.

ಆ ಭಾನುವಾರ ಪುರವರಕ್ಕೆ ಹೋದಾಗ ಕದಿರಯ್ಯ ಮೇಷ್ಟ್ರು ಕೇಳಿದರು. “ಆ ಯಪ್ಪಂದು ತಪ್ಪೇನಿತ್ತಮ್ಮ?”

“ತಡವಾಗಿ ಬಂದ.”

“ಕಾಲಿಲ್ದೋನು ಬೇಗ ಹೆಂಗೆ ಬತ್ತಾನೆ?”

ಉತ್ತರ ಹೊಳೆಯದಿದ್ದಾಗ ವನಜಾಕ್ಷಿಗೆ ಸಿಟ್ಟು ಬರುತ್ತಿತ್ತು. “ಬಸವಲಿಂಗಯ್ಯನ ಅಳಿಯನೂ ಬ್ಯಾಂಕಿನವರ ಪರ ನಿಂತು ಊರೋರ ಮನೆ ಜಪ್ತಿ ಮಾಡಿಸ್ತಾನೆ. ಅವನನ್ನ ಯಾರಾದ್ರೂ ಕೇಳ್ತಾರಾ? ಅವರು ಮಾಡಿದ್ರೆ ವೃತ್ತಿ, ನಾನು ಮಾಡಿದ್ರೆ ದ್ರೋಹ. ಅವರ ಮಕ್ಕಳು ಬೆಳೀಲಿ, ನಿಮ್ಮ ಮಕ್ಕಳು ಸೇವೆ ಮಾಡ್ಲಿ. ಚೆನ್ನಾಗಿದೆ ಅಪ್ಪಾಜಿ ನಿಮ್ಮ ನ್ಯಾಯ.”

ಅವಳು ಹೇಳಿದ್ದು ಪೂರ್ತಿ ಸುಳ್ಳಾಗಿರಲಿಲ್ಲ, ಮೇಷ್ಟ್ರಿಗೆ ಅದೇ ಕಷ್ಟ. ಆ ವರ್ಷದ ಏಪ್ರಿಲ್ ಹದಿನಾಲ್ಕರ ಸಭೆಗೆ ಊರಿನವರು ಅವಳನ್ನು ಕರೆಯಲಿಲ್ಲ. ಭಾಷಣಕ್ಕೆ ಬಂದವನು ಪಂಚಾಯಿತಿ ಕಾಂಟ್ರಾಕ್ಟಿನಲ್ಲಿ ಅರ್ಧ ಚರಂಡಿ ನುಂಗಿದ್ದವನು. ಚರಂಡಿ ನುಂಗಿದವನಿಗೆ ವೇದಿಕೆ ಸಿಗುತ್ತದೆ, ಕಂಪನಿ ಕೇಸು ಗೆದ್ದವಳಿಗೆ ಸಿಗುವುದಿಲ್ಲ ಎಂದು ಅವಳು ನಕ್ಕಳು. ಆದರೂ ಆ ಮುದುಕನ ಹೆಸರು ಯಾರಾದರೂ ಎತ್ತಿದರೆ ಅವಳು ಮಾತು ಬದಲಿಸುತ್ತಿದ್ದಳು.

ಹೀಗೆ ವರ್ಷಗಳು ಕಳೆದು, ಪಟ್ಟನಾಯಕನಹಳ್ಳಿಯ ರಂಗನಾಥನ ಕೇಸು ಬಂತು.

ರಂಗನಾಥ ಮದುವೆ ಅಡುಗೆಯವನು. ಶಿರಾ ಸುತ್ತಿನ ಚೌಲ್ಟ್ರಿಗಳಲ್ಲಿ ಅವನ ಕೈಯ ಸಾರಿಗೆ ಹೆಸರಿತ್ತು. ಅನ್ನದ ಕೊಪ್ಪರಿಗೆ ಎತ್ತಿ ಎತ್ತಿ ಹರ್ನಿಯಾ ಆಗಿತ್ತು. ಶಿರಾದ ಒಂದು ನರ್ಸಿಂಗ್ ಹೋಮಿನಲ್ಲಿ ಡಾಕ್ಟರ್ ನಾಗಭೂಷಣ್ ಆಪರೇಷನ್ ಮಾಡಿ, ಹೊಟ್ಟೆಯ ಗೋಡೆಗೆ ಆಸರೆಯಾಗಿ ಪ್ಲಾಸ್ಟಿಕ್ ದಾರದ ಬಲೆಯೊಂದನ್ನು ಹಾಕಿ ಹೊಲಿದರು. ಗಾಯ ಮಾಯಲಿಲ್ಲ. ಕೀವಾಯಿತು, ಜ್ವರ ಬಂತು, ತಿಂಗಳುಗಟ್ಟಲೆ ಮಲಗಿದ. ಕೊನೆಗೆ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಮತ್ತೆ ಹೊಟ್ಟೆ ಕೊಯ್ದು ಬಲೆಯನ್ನು ತೆಗೆದರು. ಜೀವ ಉಳಿಯಿತು. ಆದರೆ ಕೊಪ್ಪರಿಗೆ ಇರಲಿ, ಸೌಟು ತಿರುವಲೂ ಆಗದ ಸ್ಥಿತಿ.

ಅವನು ತುಮಕೂರಿನ ಗ್ರಾಹಕರ ಆಯೋಗದಲ್ಲಿ ದೂರು ಹಾಕಿದ. ಮೊದಲ ಎದುರುದಾರ ಡಾಕ್ಟರು, ಎರಡನೆಯವರು ಬಲೆ ತಯಾರಿಸಿದ ಕಂಪನಿ. ಕಂಪನಿಯ ಪರ ವನಜಾಕ್ಷಿ. ರಂಗನಾಥನ ಪರ ಮಧುಗಿರಿಯ ಮಲ್ಲೇಶ್, ಕ್ಯಾಂಟೀನ್ ಬೆಂಚಿನ ಖಾಯಂ ಸದಸ್ಯ. ಮಲ್ಲೇಶ್ ಬರೆದಿದ್ದ ದೂರನ್ನು ಓದಿ ವನಜಾಕ್ಷಿ ಎರಡು ಸಲ ಕಣ್ಣುಜ್ಜಿಕೊಂಡಳು. ಹಿಂದಿನ ಯಾವುದೋ ಕೇಸಿನಿಂದ ಎತ್ತಿ ಹೆಸರು ಮಾತ್ರ ಬದಲಿಸಿದ್ದ. ನಾಲ್ಕನೆಯ ಪ್ಯಾರಾದಲ್ಲಿ ‘ದೂರುದಾರರ ಗರ್ಭಕೋಶಕ್ಕೆ ತೀವ್ರ ಹಾನಿಯಾಗಿದ್ದು’ ಎಂದು ಹಾಗೇ ಉಳಿದಿತ್ತು. ರಂಗನಾಥನ ಮೀಸೆ ಅವನ ಹೆಬ್ಬೆರಳಿನಷ್ಟು ದಪ್ಪ.

ಒಂದು ವಿಚಾರಣೆಯ ದಿನ ಆಯೋಗದ ಮೆಟ್ಟಿಲಲ್ಲಿ ರಂಗನಾಥನ ಹೆಂಡತಿ ಮುನಿಯಮ್ಮ ಅವಳಿಗೆ ಅಡ್ಡ ಬಂದಳು. ಪಾವಗಡದ ಆಚೆಯ ತವರು, ಮಾತಿನಲ್ಲಿ ಅರ್ಧ ತೆಲುಗು. ಚೀಲದಿಂದ ಒಂದು ಮುಚ್ಚಳದ ಡಬ್ಬಿ ತೆಗೆದು ವನಜಾಕ್ಷಿಯ ಮೂಗಿಗೆ ಹಿಡಿದಳು.

“ಚೂಡಮ್ಮಾ, ಬಾಗಾ ನೋಡು! ನಿಮ್ ಕಂಪನಿ ಮಾಲು ಇದು. ಮಾ ಆಯನ ಹೊಟ್ಟ್ಯಾಗೆ ಕೊಳೀತಿದ್ದಿದ್ದು. ಬೆಂಗ್ಳೂರು ಡಾಕ್ಟ್ರು ತೆಗ್ದು ಕೊಟ್ಟವ್ರೆ.”

“ಇದನ್ನ ನಿಮ್ಮ ಲಾಯರಿಗೆ ತೋರಿಸಿದ್ರಾ?”

“ತೋರಿಸ್ದೆ. ವಾಸ್ನೆ, ಚೀಲದಾಗೆ ಇಟ್ಕೋ ಅಂದ್ರು.”

ವನಜಾಕ್ಷಿ ಡಬ್ಬಿಯನ್ನು ಬೆಳಕಿಗೆ ಹಿಡಿದಳು. ಕೇಸು ಬಂದ ದಿನವೇ ಕಂಪನಿಯಿಂದ ಹೊಸದೊಂದು ಬಲೆ ತರಿಸಿ ನೋಡಿದ್ದಳು. ಅದು ಎರಡು ಅಂಗೈಯಗಲದ ಚೌಕ, ಸುತ್ತ ನೀಲಿ ದಾರದ ಅಂಚು. ಇದು ಅಂಗೈಯಷ್ಟೂ ಇಲ್ಲ, ನೀಲಿ ಅಂಚು ಒಂದು ಕಡೆಯೂ ಇಲ್ಲ. ನಾಲ್ಕೂ ಬದಿಗೆ ಕತ್ತರಿ ಆಡಿತ್ತು. ದಾರಗಳು ಕಾದು ಸೊಟ್ಟಗಾದಂತೆ ಮುರುಟಿದ್ದವು. ಬೇರೆ ಯಾರಿಗೋ ಕತ್ತರಿಸಿ ಹಾಕಿ ಮಿಕ್ಕಿದ್ದನ್ನು ಬೇಯಿಸಿ ಇವನಿಗೆ ಹೊಲಿದಿದ್ದಾರೆ ಎಂದು ಅವಳಿಗೆ ಅನ್ನಿಸಿತು. ಮರುಕ್ಷಣವೇ ಒಳಗೊಳಗೇ ಹಿಗ್ಗಿದಳು. ರಂಗನಾಥನಿಗಾಗಿ ಅಲ್ಲ. ತನ್ನ ಕಂಪನಿಯದು ತಪ್ಪಿಲ್ಲ ಎಂಬುದಕ್ಕೆ. ಕಿವಿಹನಿಯ ಕೇಸಾದ ಮೇಲೆ ಮೊದಲ ಬಾರಿ ನಿಜವೇ ಅವಳ ಕೈಗೆ ವಾದವಾಗಿ ಸಿಕ್ಕಿತ್ತು. ಡಬ್ಬಿಯನ್ನು ಆಯೋಗದ ಮುಂದೆ ಹಾಜರು ಮಾಡುವಂತೆ ಅವಳೇ ಅರ್ಜಿ ಹಾಕಿದಳು. ಮಲ್ಲೇಶ್ ತಕರಾರು ಎತ್ತಲು ಎದ್ದು ನಿಂತವನು, ಅದು ತನ್ನದೇ ಕಕ್ಷಿದಾರನ ಸಾಕ್ಷಿ ಎಂದು ನೆನಪಾಗಿ ಕುಳಿತ.

ಕಂಪನಿಯ ಕಾನೂನು ವಿಭಾಗದ ಮ್ಯಾನೇಜರ್ ಯುವರಾಜ್‌ಗೆ ಫೋನು ಮಾಡಿ ವಿಷಯ ಹೇಳಿದಳು. ಅವನು ಕುಣಿದಾಡುತ್ತಾನೆ ಎಂದುಕೊಂಡಿದ್ದಳು. ಅವನು ಮರುದಿನವೇ ಕಾರಿನಲ್ಲಿ ಮಧುಗಿರಿಗೆ ಬಂದ. ಬೆವರು ಒರೆಸಿಕೊಳ್ಳುತ್ತ ಅವಳ ಆಫೀಸಿನಲ್ಲಿ ಕುಳಿತ.

“ಮೇಡಂ, ಆ ಪಾಯಿಂಟ್ ಬೇಡ.”

“ಯಾವ ಪಾಯಿಂಟ್?”

“ಅದೇ, ಕಟ್ ಪೀಸ್. ಡಾಕ್ಟರ್ ನಾಗಭೂಷಣ್ ಮೇಲೆ ಹೋಗೋದು ಬೇಡ. ನಾಲ್ಕು ತಾಲೂಕಿನ ಸರ್ಜನ್‌ಗಳೆಲ್ಲ ಅವರ ಮಾತು ಕೇಳ್ತಾರೆ. ಅವರು ಮುನಿಸಿಕೊಂಡ್ರೆ ನಮ್ಮ ಮಾಲು ಯಾರು ತಗೋತಾರೆ?”

“ನಿಮ್ಮ ಬಲೆಯನ್ನ ತುಂಡು ಮಾಡಿ ಮೂರು ಜನಕ್ಕೆ ಹಾಕ್ತಿದ್ದಾರೆ ಯುವರಾಜ್. ಕೆಟ್ಟ ಹೆಸರು ನಿಮಗೆ ಬರ್ತಿದೆ.”

ಯುವರಾಜ್ ನಕ್ಕ. “ಎಲ್ಲರಿಗೂ ಗೊತ್ತು ಮೇಡಂ.”

ಗೊತ್ತು. ಮಾಲು ಮಾರುವವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತು, ಮೇಜಿನ ಮೇಲೆ ಮಲಗಿದವನಿಗೆ ಮಾತ್ರ ಗೊತ್ತಿಲ್ಲ.

“ಹಾಗಾದ್ರೆ ನಾನೇನು ವಾದ ಮಾಡ್ಲಿ?”

“ಅಡುಗೆಯವನು ತಾನೆ? ಆಪರೇಷನ್ ಆದ ಮೇಲೆ ಭಾರ ಎತ್ತಿದ, ಗಾಯ ಕ್ಲೀನಾಗಿ ಇಟ್ಕೊಳ್ಳಲಿಲ್ಲ ಅನ್ನಿ. ನಿಮಗೆ ಹೇಳ್ಬೇಕಾ? ನಿಮ್ಮ ಜನವೇ ಅಲ್ವಾ, ಅವರ ಮನೆ, ಅವರ ಅಭ್ಯಾಸ, ನಿಮಗೆ ಚೆನ್ನಾಗಿ ಗೊತ್ತಿರುತ್ತಲ್ಲ. ಅದಕ್ಕೇ ಈ ಏರಿಯಾಕ್ಕೆ ನೀವೇ ಬೇಕು ಅಂತ ನಾವು ಹೇಳೋದು.”

ಅದು ಹೊಗಳಿಕೆ ಎಂದೇ ಅವನು ನಂಬಿದ್ದ. ವನಜಾಕ್ಷಿಗೆ ಬಸವಲಿಂಗಯ್ಯನವರ ಮೇಲೆ ಬಾರದಿದ್ದ ಕೋಪ ಈ ಇಸ್ತ್ರಿ ಶರ್ಟಿನವನ ಮೇಲೆ ಬಂತು. ತನ್ನ ಓದಿಗೆ ಕಂಪನಿಗಳು ಬಂದವು ಎಂದು ಇಷ್ಟು ವರ್ಷ ನಂಬಿದ್ದಳು. ಇವನು ನೋಡಿದರೆ ಕೊಳಕಿನ ಪರಿಚಯವಿರುವವಳು ಎಂದು ಇಟ್ಟುಕೊಂಡಿದ್ದಾನೆ.

“ಯುವರಾಜ್, ಬಲೆಯನ್ನು ಒಬ್ಬರಿಗೆ ಮಾತ್ರ ಬಳಸಬೇಕು, ಎರಡನೇ ಸಲ ಬಳಸಿದ್ರೆ ಕಂಪನಿ ಜವಾಬ್ದಾರಿ ಅಲ್ಲ ಅಂತ ನಮ್ಮ ಉತ್ತರದಲ್ಲಿ ಬರೆದಿದ್ದೀನಿ. ನೀವೇ ಸಹಿ ಹಾಕಿದ್ದೀರಿ. ಅದರ ಮೇಲೇ ಪ್ರಶ್ನೆ ಕೇಳ್ತೀನಿ. ಇಷ್ಟ ಇಲ್ಲದಿದ್ರೆ ಇವತ್ತೇ ವಕಾಲತ್ತು ವಾಪಸ್ ತಗೊಳ್ಳಿ.”

“ಏನ್ ಮೇಡಂ, ತಮಾಷೆ ಮಾಡ್ತೀರಿ” ಎಂದು ಅವನು ಕಾರು ಹತ್ತಿದ. ವಕಾಲತ್ತು ವಾಪಸ್ ಪಡೆಯಲಿಲ್ಲ. ಹೆಂಗಸರು ಒಂದಿಷ್ಟು ಕೂಗಾಡಿ ಆಮೇಲೆ ಹೇಳಿದ್ದನ್ನು ಮಾಡುತ್ತಾರೆ ಎಂಬುದು ಅವನ ಜೀವಮಾನದ ಅನುಭವ ಇದ್ದಿರಬೇಕು.

ಆಯೋಗದಲ್ಲಿ ಮೊದಲು ರಂಗನಾಥನ ಸರದಿ. ವನಜಾಕ್ಷಿ ಕೇಳಿದ್ದು ಒಂದೇ ಪ್ರಶ್ನೆ. ಆಪರೇಷನ್ ಆದ ಮೇಲೆ ಭಾರ ಎತ್ತಿದ್ದಿರಾ?

“ನೀರಿನ ಚೊಂಬನ್ನೂ ಇವ್ಳೇ ಬಾಯಿಗ್ ಹಿಡಿತಿದ್ಳು ಕಣಮ್ಮ. ಭಾರ ಎಲ್ಲಿಂದ ಎತ್ತಾನ?”

ಅವಳು ಕುಳಿತಳು. ಹಿಂದಿನ ಸಾಲಿನಲ್ಲಿದ್ದ ಯುವರಾಜ್ ಇನ್ನೂ ಏನೋ ಬರುತ್ತದೆ ಎಂದು ಕಾಯುತ್ತಿದ್ದ.

ಆಮೇಲೆ ಡಾಕ್ಟರ್ ನಾಗಭೂಷಣ್. ಘಮಘಮ ಸೆಂಟು, ಬಿಳಿ ಸಫಾರಿ. ಮಲ್ಲೇಶ್ ಅವರನ್ನು ಅರ್ಧ ಗಂಟೆ ಅವರ ಡಿಗ್ರಿಯ ಬಗ್ಗೆ ಕೇಳಿ, ಅವರ ಡಿಗ್ರಿ ಇನ್ನಷ್ಟು ದೊಡ್ಡದಾಗಿ ಕಾಣುವಂತೆ ಮಾಡಿ ಕೂತ. ವನಜಾಕ್ಷಿ ಎದ್ದಾಗ ಡಾಕ್ಟರು ಮುಗುಳ್ನಕ್ಕರು. ಕಂಪನಿಯವಳು, ನಮ್ಮವಳೇ.

“ಡಾಕ್ಟರೇ, ನಿಮ್ಮಷ್ಟು ಹರ್ನಿಯಾ ಆಪರೇಷನ್ ಈ ಭಾಗದಲ್ಲಿ ಯಾರೂ ಮಾಡಿಲ್ಲ ಅಲ್ವಾ?”

“ಯಾರೂ ಮಾಡಿಲ್ಲ.”

“ರಂಗನಾಥನಿಗೆ ಬಲೆ ಪೂರ್ತಿ ಹಾಕಿದ್ರಾ?”

“ಪೂರ್ತಿ ಯಾಕೆ? ಸಣ್ಣ ಹರ್ನಿಯಾ. ಅಳತೆಗೆ ತಕ್ಕ ಹಾಗೆ ಕಟ್ ಮಾಡ್ತೀವಿ. ಅದಕ್ಕೆ ಅನುಭವ ಬೇಕು.”

“ಸರಿ. ಮಿಕ್ಕಿದ್ದನ್ನ ಎಸೆದುಬಿಡ್ತೀರಾ? ಪಾಪ, ಅಷ್ಟು ಬೆಲೆಬಾಳೋದು.”

“ಎಸೆಯೋದಾ?” ಡಾಕ್ಟರಿಗೆ ಆ ಮಾತೇ ಅವಮಾನವೆನಿಸಿತು. “ಚಿನ್ನದಂಥ ಮಾಲು. ಸ್ಟೆರಿಲೈಸ್ ಮಾಡಿ ಇಟ್ಕೋತೀವಿ. ಬಡವರು ಬರ್ತಾರೆ, ಅವರಿಗೆ ಅನುಕೂಲ ಆಗ್ಲಿ ಅಂತ. ಕಂಪನಿಯವರು ಪ್ಯಾಕೆಟ್ ಮೇಲೆ ಏನೇನೋ ಬರೀತಾರೆ. ಹಳ್ಳಿ ಕಡೆ ಪ್ರಾಕ್ಟೀಸ್ ಮಾಡೋರಿಗೆ ಗೊತ್ತು ಕಷ್ಟ.”

ಅಧ್ಯಕ್ಷರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ತಲೆ ಎತ್ತಿದರು. ಡಾಕ್ಟರ ವಕೀಲರು ಎದ್ದು ಏನೋ ಹೇಳಲು ಬಾಯಿ ತೆರೆದರು. ವನಜಾಕ್ಷಿ ಬಿಡಲಿಲ್ಲ. ಡಬ್ಬಿಯನ್ನು ಮುಂದಿಟ್ಟಳು.

“ಆ ಬಡವರ ಬಿಲ್ಲಿನಲ್ಲಿ ತುಂಡು ಬಲೆ ಅಂತ ಬರೀತೀರೋ, ಪೂರ್ತಿ ಬಲೆ ಅಂತಲೋ?”

ಡಾಕ್ಟರು ತಮ್ಮ ವಕೀಲರ ಕಡೆ ತಿರುಗಿದರು.

“ಇದು ರಂಗನಾಥನ ಹೊಟ್ಟೆಯಿಂದ ತೆಗೆದದ್ದು. ಒಂದು ಕಡೆಯೂ ಕಂಪನಿಯ ಅಂಚಿಲ್ಲ. ಇವರಿಗೆ ಹಾಕಿದ್ದು ಹೊಸ ಪ್ಯಾಕೆಟಿನದೋ, ನೀವು ಎಸೆಯದೆ ಇಟ್ಟುಕೊಂಡದ್ದೋ?”

ಡಾಕ್ಟರು ಕರವಸ್ತ್ರ ತೆಗೆದರು. “ನೆನಪಿಲ್ಲ” ಎಂದರು. ಹಿಂದಿನ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ಯುವರಾಜ್ ಎದ್ದು ಹೊರಗೆ ಹೋಗಿದ್ದ.

ಕೆಲವು ತಿಂಗಳ ಮೇಲೆ ತೀರ್ಪು ಬಂತು. ಡಾಕ್ಟರ್ ನಾಗಭೂಷಣ್ ರಂಗನಾಥನಿಗೆ ಪರಿಹಾರ ಕೊಡಬೇಕು. ಕಂಪನಿಯ ಮೇಲಿನ ದೂರು ವಜಾ. ವನಜಾಕ್ಷಿ ತನ್ನ ಕಕ್ಷಿದಾರನಿಗೆ ಇದಕ್ಕಿಂತ ಚೊಕ್ಕ ಗೆಲುವು ಎಂದೂ ಕೊಡಿಸಿರಲಿಲ್ಲ. ಅದೇ ವಾರ ಬೆಂಗಳೂರಿನಿಂದ ಒಬ್ಬ ಕಿರಿಯ ವಕೀಲ ಬಂದು ಕಂಪನಿಯ ಫೈಲುಗಳನ್ನೆಲ್ಲ ಕಾರಿನ ಡಿಕ್ಕಿಗೆ ತುಂಬಿಕೊಂಡ. “ಮ್ಯಾನೇಜ್‌ಮೆಂಟ್‌ಗೆ ನಿಮ್ಮ ಮೇಲೆ ತುಂಬಾ ಗೌರವ ಇದೆ ಮೇಡಂ” ಎಂದ. ಸುದ್ದಿ ಹರಡುತ್ತಿದ್ದಂತೆ ಇನ್ನೂ ಎರಡು ಕಂಪನಿಗಳಿಗೆ ಅವಳ ಮೇಲೆ ಅದೇ ಬಗೆಯ ಗೌರವ ಹುಟ್ಟಿ, ಅವರ ಫೈಲುಗಳೂ ಹೋದವು. ಗೆದ್ದದ್ದಕ್ಕೆ ಕೆಲಸ ಕಳೆದುಕೊಂಡ ವಕೀಲರು ಮಧುಗಿರಿಯಲ್ಲಿ ಅದಕ್ಕೆ ಮುಂಚೆ ಇದ್ದಿರಲಾರರು.

ಶಿರಾದಲ್ಲಿ ಮಲ್ಲೇಶನಿಗೆ ಹಾರ ಹಾಕಿದರು. ತಾನು ವೈದ್ಯಲೋಕದ ದೊಡ್ಡ ವಂಚನೆಯನ್ನು ಬಯಲಿಗೆಳೆದ ಬಗೆಯನ್ನು ಅವನು ಸ್ಥಳೀಯ ಪತ್ರಿಕೆಯವರಿಗೆ ವಿವರಿಸಿದ. ಗರ್ಭಕೋಶದ ವಿಚಾರ ಅದರಲ್ಲಿ ಬರಲಿಲ್ಲ.

ರಂಗನಾಥನೂ ಮುನಿಯಮ್ಮನೂ ವನಜಾಕ್ಷಿಯ ಆಫೀಸಿಗೆ ಬಂದರು. ಅವನು ಕುಳಿತಲ್ಲಿಂದಲೇ ಹೇಳಿಕೊಟ್ಟು ಹೆಂಡತಿಯ ಕೈಲಿ ಮಾಡಿಸಿದ ಬೂಂದಿ ಲಾಡು ತಂದಿದ್ದರು. ವನಜಾಕ್ಷಿಗೆ ಇಂಥ ದೃಶ್ಯಗಳನ್ನು ಕಂಡರೆ ಮೈ ಉರಿಯುತ್ತಿತ್ತು.

“ನಾನು ನಿಮ್ಮ ಪರ ನಿಂತವಳಲ್ಲ. ಅದು ನೆನಪಿರಲಿ. ಬಲೆ ನಿಜವಾಗ್ಲೂ ಕೆಟ್ಟದಾಗಿದ್ರೆ ನಿಮ್ಮನ್ನ ಬರಿಗೈಲಿ ಕಳಿಸ್ತಿದ್ದೆ.”

“ಗೊತ್ತಮ್ಮಾ” ಎಂದಳು ಮುನಿಯಮ್ಮ, ಡಬ್ಬದ ಮುಚ್ಚಳ ತೆಗೆಯುತ್ತ. “ನೀನೇನು ದೇವತೆ ಅಂತ ನಾವು ಅನ್ಕೊಂಡಿಲ್ಲ. ಕೇಳ್ಬೇಕಾದೋನು ಅಡಗಲೇದು, ಕೇಳ್ಲೇ ಇಲ್ಲ, ನೀನು ಕೇಳ್ದೆ. ಅಷ್ಟಕ್ಕೆ ಎರಡು ಲಾಡು. ತಿಂತೀಯೋ, ವಾಪಸ್ ತಗೊಂಡೋಗ್ಲೋ?”

ವನಜಾಕ್ಷಿ ತಿಂದಳು. ಲಾಡು ಗಟ್ಟಿಯಾಗಿತ್ತು. ಹಾಗೆಂದು ಹೇಳಿಯೂ ಹೇಳಿದಳು. ಪಾಕ ಒಂದೆಳೆ ಹೆಚ್ಚಾಯಿತೆಂದು ರಂಗನಾಥ ಹೆಂಡತಿಯನ್ನು ಬೈದ.

ಕದಿರಯ್ಯ ಮೇಷ್ಟ್ರಿಗೆ ಮಾತ್ರ ತಡೆಯಲಾಗಲಿಲ್ಲ. ಊರಿನ ಸಭೆಯಲ್ಲಿ ಅವಳಿಗೆ ಸನ್ಮಾನ ಇಟ್ಟುಕೊಳ್ಳೋಣ, ಹಳೆಯ ಶಿಷ್ಯರೆಲ್ಲ ಒಪ್ಪಿದ್ದಾರೆ ಎಂದು ಫೋನು ಮಾಡಿದರು. ಯಾರು ಅಧ್ಯಕ್ಷತೆ ಎಂದು ಅವಳು ಕೇಳಿದಳು. ಮೇಷ್ಟ್ರು ಚರಂಡಿ ಕಾಂಟ್ರಾಕ್ಟರನ ಹೆಸರು ಹೇಳಿದರು.

“ಬೇಡ ಅಪ್ಪಾಜಿ.”

“ಯಾಕಮ್ಮ, ಈಗ್ಲಾದ್ರೂ ನಮ್ಮೋರ ಪರ ನಿಂತ್ಕಂಡೆ ಅಂತ ಜನ ಸಂತೋಷವಾಗವ್ರೆ.”

“ನಿಂತ್ಕೊಂಡಿಲ್ಲ. ಸುಳ್ಳು ಹೇಳು ಅಂದ್ರು, ಅದೂ ನನ್ನ ಹುಟ್ಟು ಹಿಡಿದು ಹೇಳು ಅಂದ್ರು. ಹೇಳಲಿಲ್ಲ. ಅದಕ್ಕೆ ಶಾಲು ಹೊದಿಸ್ಕೊಂಡ್ರೆ ನನಗೇ ನಗು ಬರುತ್ತೆ.”

ಮೇಷ್ಟ್ರು “ಆಯ್ತು ಬುಡು. ಊಟಕ್ಕಾದ್ರೂ ಬಾ” ಎಂದರು. ಊಟಕ್ಕೆ ಹೋದಳು.

ಈಗ ಅವಳ ಬಳಿ ಕೇಸುಗಳು ಕಡಿಮೆ. ಒಂದೆರಡು ಪಾಲಿನ ದಾವೆ, ಜೀವನಾಂಶದ ಅರ್ಜಿ. ಹೋದ ತಿಂಗಳು ಸಿರಿಂಜು ತಯಾರಿಸುವ ಹೊಸ ಕಂಪನಿಯವನೊಬ್ಬ ಪಾವಗಡದ ಕೇಸೊಂದನ್ನು ಹಿಡಿದು ಬಂದ. ಅವಳ ಬಗ್ಗೆ ವಿಚಾರಿಸಿಕೊಂಡೇ ಬಂದಿದ್ದ. ಕುರ್ಚಿಯ ತುದಿಯಲ್ಲಿ ಕುಳಿತು, “ಮೇಡಂ, ನಾವು ಬೇಡ ಅಂದ ಪ್ರಶ್ನೆಯನ್ನೂ ನೀವು ಕೇಳ್ತೀರಂತೆ?” ಎಂದ.

“ನಿಮ್ಮ ಸಿರಿಂಜು ಸರಿಯಿದೆಯಾ?”

ಅವನು ಕಿಟಕಿಯ ಕಡೆ ನೋಡಿದ. “ಚೆಕ್ ಮಾಡಿ ಹೇಳ್ತೀನಿ” ಎಂದು ಫೈಲನ್ನು ಬ್ಯಾಗಿಗೆ ಹಾಕಿಕೊಂಡು ಎದ್ದ. ವನಜಾಕ್ಷಿ ಅವನನ್ನು ತಡೆಯಲಿಲ್ಲ. ಹೊರಗೆ ಜೀವನಾಂಶದ ಹೆಂಗಸು ಕಾಯುತ್ತಿದ್ದಳು. ಒಳಗೆ ಕರೆದು, ಗಂಡ ಏನು ಕೆಲಸ ಮಾಡುತ್ತಾನೆ ಎಂಬಲ್ಲಿಂದ ಶುರು ಮಾಡಿದಳು.